ನನ್ನ ಮೊದಲ ವರದಿಯ 14 ‘ಪಾಪ’ಗಳು

ಸಮಾಜಕಾರ್ಯದ ಕೋರ್ಸಿನಲ್ಲಿ ಮೊದಲ ವರ್ಷದ ಕ್ಷೇತ್ರಕಾರ್ಯದ, ಅಂದರೆ ಜನರ ನಡುವೆ ಹೋಗಿ ಮಾಡಿದ ಕೆಲಸದ, ಮೊದಲ ವರದಿ ವಾಪಸ್ ಬಂದಾಗ ಅದರ ತುಂಬ ಕೆಂಪು ಸುತ್ತುಗಳಿದ್ದವು. ಕಾಗುಣಿತ ತಪ್ಪಿರಬೇಕು ಅಂದುಕೊಂಡೆ. ನೋಡಿದರೆ ಎಲ್ಲಾ ಸುತ್ತೂ ಒಂದೇ ಪದದ ಮೇಲೆ. ‘ಪಾಪ’. ‘ಪಾಪ, ಅವರಿಗೆ ಯಾರೂ ಇಲ್ಲ.’ ‘ಪಾಪ, ಆ ಹುಡುಗಿ ಶಾಲೆ ಬಿಟ್ಟಿದ್ದಾಳೆ.’ ‘ಪಾಪ, ಎಷ್ಟು ಮುಗ್ಧ ಜನ.’ ಕೂತು ಎಣಿಸಿದೆ. ಆರು ಪುಟದಲ್ಲಿ 14. ಕೊನೆಯಲ್ಲಿ ಸೂಪರ್‌ವೈಸರ್ ಬರೆದಿದ್ದರು: ‘ಇವನ್ನೆಲ್ಲ ತೆಗೆದು ಮತ್ತೆ ಬರಿ. ಏನು ಉಳಿಯುತ್ತೆ ನೋಡೋಣ.’

ತೆಗೆದು ಬರೆದೆ. ಒಂದೂವರೆ ಪುಟ ಉಳಿಯಿತು.

ಈಗ ಐದು ವರ್ಷ ಮುಗಿದಿದೆ. ಸಮಾಜಕಾರ್ಯದ ಇಂಟಿಗ್ರೇಟೆಡ್ ಪದವಿ, ಅಂದರೆ ಡಿಗ್ರಿ ಮತ್ತು ಪಿಜಿ ಎರಡನ್ನೂ ಸೇರಿಸಿ ಹೊಲಿದ ಒಂದೇ ಕೋರ್ಸು. ಇದಕ್ಕೆ ಸೇರಬಹುದಾ, ಹೇಗಿರುತ್ತೆ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಚಿಕ್ಕದಾಗಿ ಉತ್ತರ ಕೊಟ್ಟರೆ ಅರ್ಧ ಸುಳ್ಳಾಗುತ್ತದೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಬರುವ ಜನರ ವಿವರಗಳನ್ನು, ಗುರುತು ಸಿಗದ ಹಾಗೆ, ಸ್ವಲ್ಪ ಬದಲಿಸಿದ್ದೇನೆ. ಈ ಓದು ಹತ್ತಿಸೋ ಮೊದಲ ಚಟವೇ ಅದು.

ಸೇರಿದಾಗ ನನಗೆ ಹದಿನೇಳು ದಾಟಿ ಕೆಲವು ತಿಂಗಳಾಗಿತ್ತು. ಕೇಳಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. ‘ಸಮಾಜ ಸೇವೆನಾ? ಒಳ್ಳೇದೇ. ಆದ್ರೆ ಅದಕ್ಕೆ ಡಿಗ್ರಿ ಯಾಕೆ ಬೇಕು?’ ಸೇವೆ ಅಲ್ಲ, ಕಾರ್ಯ ಅಂತ ತಿದ್ದಿ ತಿದ್ದಿ ಸುಸ್ತಾಗಿ ಕೊನೆಗೆ ಸುಮ್ನೆ ತಲೆ ಆಡಿಸುವುದನ್ನು ಕಲಿತೆ. ಇನ್ನೂ ಬೇಜಾರಿನ ವಿಷಯ ಅಂದರೆ, ಆ ಪ್ರಶ್ನೆ ನನಗೂ ಇತ್ತು. ಒಳ್ಳೆ ಮನಸ್ಸಿದ್ದರೆ ಸಾಕಲ್ವಾ? ಮನಸ್ಸಿಗೆ ಹತ್ತು ಸೆಮಿಸ್ಟರ್ ಯಾಕೆ?

ಎರಡನೇ ಸೆಮಿಸ್ಟರಿನಲ್ಲಿ ಗೊತ್ತಾಯಿತು, ಈ ಪ್ರಶ್ನೆಗೆ ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ ಅಂತ. 1915ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಅಬ್ರಹಾಂ ಫ್ಲೆಕ್ಸ್ನರ್ ಅನ್ನುವವರು ಎದ್ದು ನಿಂತು, ಸಮಾಜಕಾರ್ಯ ಅನ್ನುವುದು ಒಂದು ವೃತ್ತಿಯೇ ಅಂತ ಕೇಳಿದರು. ಅದಕ್ಕೆ ಐದು ವರ್ಷ ಮುಂಚೆ ವೈದ್ಯಕೀಯ ಕಾಲೇಜುಗಳ ಬಗ್ಗೆ ವರದಿ ಬರೆದು ದೊಡ್ಡ ಗಲಾಟೆ ಎಬ್ಬಿಸಿದ್ದವರು ಇವರೇ. ಸಮಾಜಕಾರ್ಯಕ್ಕೆ ಅವರು ಕೊಟ್ಟ ಉತ್ತರ: ಇನ್ನೂ ಇಲ್ಲ. ನೀವು ಜನರನ್ನು ವೈದ್ಯರ ಹತ್ತಿರ, ವಕೀಲರ ಹತ್ತಿರ ತಲುಪಿಸುವ ಮಧ್ಯವರ್ತಿಗಳು, ನಿಮ್ಮದೇ ಅನ್ನುವ ವಿದ್ಯೆ ಎಲ್ಲಿದೆ ಅನ್ನುವುದು ಅವರ ವಾದದ ಸಾರ. ಅದಾಗಿ ಎರಡು ವರ್ಷಕ್ಕೆ, 1917ರಲ್ಲಿ, ಮೇರಿ ರಿಚ್ಮಂಡ್ ಅವರ ‘ಸೋಷಿಯಲ್ ಡಯಾಗ್ನೋಸಿಸ್’ ಬಂತು. ಒಂದು ಕುಟುಂಬದ ಕಷ್ಟವನ್ನು ಅರ್ಥ ಮಾಡಿಕೊಳ್ಳಲು ಏನೇನು ಕೇಳಬೇಕು, ಯಾವುದನ್ನು ಸಾಕ್ಷಿ ಅಂತ ತಗೋಬೇಕು, ಯಾವುದನ್ನು ತಗೋಬಾರದು ಅಂತ ದಪ್ಪ ಪುಸ್ತಕ. ಮಜಾ ಏನು ಗೊತ್ತಾ? ಈ ವೃತ್ತಿಗೆ ತರಬೇತಿ ಶಾಲೆ ಬೇಕು ಅಂತ 1897ರಲ್ಲೇ ಕೇಳಿದ ರಿಚ್ಮಂಡ್ ಅವರ ಹತ್ತಿರ ಕಾಲೇಜು ಡಿಗ್ರಿ ಇರಲಿಲ್ಲ. ಡಿಗ್ರಿ ಯಾಕೆ ಅಂತ ಕೇಳುವವರಿಗೆ ಈ ವಿಷಯ ಮಾತ್ರ ನಾನು ಹೇಳುವುದಿಲ್ಲ.

ತರಬೇತಿ ಶುರುವಾದದ್ದೂ ಚಿಕ್ಕದಾಗಿಯೇ. 1898ರಲ್ಲಿ ನ್ಯೂಯಾರ್ಕಿನಲ್ಲಿ ಆರು ವಾರದ ಬೇಸಿಗೆ ತರಗತಿ. ಮರುವರ್ಷ ಆಮ್‌ಸ್ಟರ್‌ಡಾಮಿನಲ್ಲಿ ಒಂದು ಪೂರ್ತಿ ಸಂಸ್ಥೆ. 1908ರಲ್ಲಿ ಬರ್ಲಿನ್ನಿನಲ್ಲಿ ಆಲಿಸ್ ಸಾಲೋಮನ್ ಹೆಣ್ಣುಮಕ್ಕಳಿಗೆ ಅಂತ ತೆರೆದ ಶಾಲೆ. 1936ರಲ್ಲಿ ಮುಂಬೈ. ಆರು ವಾರದ್ದು ಐದು ವರ್ಷ ಆಗಿದ್ದು ಹೇಗೆ ಅಂತ ಪರೀಕ್ಷೆಗೆ ಬರೆದಿದ್ದೇನೆ, ಚೆನ್ನಾಗಿ ಅಂಕವೂ ಬಂತು. ಯಾಕೆ ಅನ್ನುವುದು ಮಾತ್ರ ಒಬ್ಬರು ಅಜ್ಜಿಯ ಮನೆಯಲ್ಲಿ ಗೊತ್ತಾಯಿತು.

ಅದಕ್ಕೆ ಮುಂಚೆ ಕ್ಷೇತ್ರಕಾರ್ಯ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಫೀಲ್ಡ್‌ವರ್ಕ್ ಅಂತಲೇ ಎಲ್ಲರೂ ಕರೆಯುವುದು. ಇದು ಕೋರ್ಸಿನ ಬೆನ್ನುಮೂಳೆ. ಬೇರೆ ಪೇಪರುಗಳ ಜೊತೆ ಅಂಟಿಸಿದ ಪ್ರಾಜೆಕ್ಟ್ ಥರ ಅಂದುಕೊಂಡು ಬಂದವರು ಮೊದಲ ತಿಂಗಳಲ್ಲೇ ಕಂಗಾಲಾಗುತ್ತಾರೆ. ಅಮೆರಿಕದಲ್ಲಿ ಡಿಗ್ರಿಗೆ ಕನಿಷ್ಠ 400 ಗಂಟೆ, ಪಿಜಿಗೆ 900 ಗಂಟೆ ಕ್ಷೇತ್ರದಲ್ಲಿ ಕಳೆಯಲೇಬೇಕು. ಇಂಗ್ಲೆಂಡಿನಲ್ಲಿ 200 ದಿನದ ಲೆಕ್ಕ. ನಮಗೆ ವಾರಕ್ಕೆ ಎರಡು ದಿನ, ಆಮೇಲೆ ವರ್ಷಕ್ಕೊಮ್ಮೆ ಒಂದಿಷ್ಟು ವಾರ ಒಟ್ಟಿಗೆ. ಒಂದು ಸಂಸ್ಥೆಗೆ ಹಾಕುತ್ತಾರೆ. ಅಲ್ಲಿ ಒಬ್ಬರು ನೋಡಿಕೊಳ್ಳುವವರು, ಕಾಲೇಜಿನಲ್ಲಿ ಒಬ್ಬರು ಸೂಪರ್‌ವೈಸರ್. ಹೋಗಬೇಕು, ಬರಬೇಕು, ಬರೆಯಬೇಕು. ವಾರಕ್ಕೊಂದು ಸಲ ಸೂಪರ್‌ವೈಸರ್ ಎದುರು ಕೂತು ಬರೆದದ್ದಕ್ಕೆಲ್ಲ ಉತ್ತರ ಕೊಡಬೇಕು.

ಬರೆಯುವುದು ಅಂದೆನಲ್ಲ, ಅದಕ್ಕೂ ಒಂದು ಕ್ರಮ ಇದೆ. ಪ್ರೋಸೆಸ್ ರೆಕಾರ್ಡಿಂಗ್ ಅಂತಾರೆ. ನಮ್ಮಲ್ಲಿ ಪುಟಕ್ಕೆ ಮೂರು ಗೆರೆ ಎಳೆದು ನಾಲ್ಕು ಅಂಕಣ ಮಾಡಬೇಕಿತ್ತು. ಮೊದಲನೆಯದರಲ್ಲಿ ನಡೆದ ಮಾತು, ಅವರು ಹೇಳಿದ ಹಾಗೇ, ಅವರ ಪದಗಳಲ್ಲೇ. ಎರಡನೆಯದರಲ್ಲಿ ಆ ಹೊತ್ತಿನಲ್ಲಿ ನನಗೇನು ಅನಿಸಿತು. ಮೂರನೆಯದು ಈಗ ಕೂತು ನೋಡಿದರೆ ಏನು ಕಾಣುತ್ತದೆ. ನಾಲ್ಕನೆಯದು ಖಾಲಿ, ಸೂಪರ್‌ವೈಸರಿಗೆ. ಮಾತಾಡುವಾಗ ಎದುರಿಗೆ ಪುಸ್ತಕ ಬಿಚ್ಚುವ ಹಾಗಿಲ್ಲ. ನೆನಪಿಟ್ಟುಕೊಂಡು ಬಂದು ರಾತ್ರಿ ಬರೆಯಬೇಕು. ನಲವತ್ತು ನಿಮಿಷದ ಮಾತಿಗೆ ಮೂರು ಗಂಟೆ ಬರಹ. ಮೊದಲ ವರ್ಷ ನನ್ನ ರೂಮ್‌ಮೇಟ್, ಬೇರೆ ಕೋರ್ಸಿನವಳು, ‘ನೀವು ಸಮಾಜಕಾರ್ಯ ಓದ್ತೀರೋ ಕಾದಂಬರಿ ಬರೀತೀರೋ’ ಅಂತ ಕೇಳಿದ್ದಳು. ನನಗೂ ಅದು ಶಿಕ್ಷೆ ಅಂತಲೇ ಅನಿಸಿತ್ತು.

ಈಗ ಅಜ್ಜಿ. ಒಬ್ಬರೇ ಇದ್ದರು. ಸಂಸ್ಥೆಯವರು ಕೊಟ್ಟ ಕೆಲಸ ಸುಲಭದ್ದು, ಅವರ ಪಿಂಚಣಿ ಅರ್ಜಿಗೆ ಬೇಕಾದ ದಾಖಲೆ ಸೇರಿಸಿ ಅರ್ಜಿ ತುಂಬಿಸುವುದು. ನಾನು ಫಾರಂ ಹಿಡಿದು ಹೋದೆ. ಅಜ್ಜಿ ಬಾಗಿಲಿನ ಹತ್ತಿರದ ಮಣೆ ಮೇಲೆ ಕೂತಿದ್ದರು, ನನ್ನನ್ನೂ ಅಲ್ಲೇ ಕೂರಿಸಿದರು. ನಾನು ವಯಸ್ಸಿನ ದಾಖಲೆ ಕೇಳಿದೆ, ಅವರು ‘ಈ ಬಾಗಿಲು ನೋಡು, ಚಿಲಕ ಕೂರೋದೇ ಇಲ್ಲ’ ಅಂದರು. ನೋಡಿ ‘ಹೌದು ಅಜ್ಜಿ’ ಅಂದು ಬ್ಯಾಂಕ್ ಪುಸ್ತಕ ಕೇಳಿದೆ. ಎರಡನೇ ವಾರವೂ ಅದೇ. ಪಿಂಚಣಿ ಬಂದರೆ ಎಷ್ಟು ಅನುಕೂಲ ಅಂತ ನಾನು ಹೇಳುತ್ತಿದ್ದೆ, ಅವರು ಹೂಂ ಅನ್ನುತ್ತಿದ್ದರು, ದಾಖಲೆ ಮಾತ್ರ ಹುಡುಕುತ್ತಿರಲಿಲ್ಲ. ಮೂರನೇ ವಾರದ ವರದಿಯಲ್ಲಿ ನಾನು ಬರೆದೆ: ‘ಅಜ್ಜಿಗೆ ಸಹಕರಿಸುವ ಮನಸ್ಸಿಲ್ಲ. ಯೋಜನೆಯ ಅರಿವಿಲ್ಲ.’

ಸೂಪರ್‌ವೈಸರ್ ಆ ಸಾಲನ್ನು ಓದಿ ಏನೂ ಹೇಳಲಿಲ್ಲ. ನನ್ನ ಪುಸ್ತಕವನ್ನೇ ನನ್ನ ಕಡೆ ತಿರುಗಿಸಿ, ಮೊದಲ ಅಂಕಣ ಮಾತ್ರ ಗಟ್ಟಿಯಾಗಿ ಓದು ಅಂದರು. ಮೂರೂ ವಾರದ್ದು. ಓದಿದೆ. ಚಿಲಕ ಕೂರೋದಿಲ್ಲ. ರಾತ್ರಿ ಗಾಳಿಗೆ ಬಾಗಿಲು ತಾನೇ ತೆಗೆದುಕೊಳ್ಳುತ್ತೆ. ಈ ಮಣೆ ಇಲ್ಲಿ ಯಾಕಿದೆ ಗೊತ್ತಾ, ಬಾಗಿಲಿಗೆ ಒತ್ತು ಕೊಡೋಕೆ. ನಿದ್ದೆ ಇಲ್ಲ ಮಗಾ. ಬೆಳಗಿನ ಜಾವ ಕಣ್ಣು ಹತ್ತುತ್ತೆ, ಅಷ್ಟರಲ್ಲಿ ನೀರು ಬರುತ್ತೆ. ಹೀಗೆ ನಾಲ್ಕೈದು ಕಡೆ. ಎಲ್ಲಾ ನನ್ನದೇ ಕೈಬರಹ. ‘ಅವರು ಹೇಳಿದ್ದಾರೆ. ನೀನು ಬರೆದೂ ಇದ್ದೀಯ. ಓದಿರಲಿಲ್ಲ ಅಷ್ಟೇ’ ಅಂದರು.

ಆ ವಾರ ಪಕ್ಕದ ಮನೆಯವರ ಹತ್ತಿರ ಮಾತಾಡಿ ಚಿಲಕ ಹಾಕಿಸಿದೆವು. ಒಂದು ಸ್ಕ್ರೂಡ್ರೈವರು, ನಾಲ್ಕು ಸ್ಕ್ರೂ, ಹದಿನೈದು ನಿಮಿಷ. ಅದರ ಮುಂದಿನ ವಾರ ಅಜ್ಜಿ ಮಣೆಯನ್ನು ಒಳಗೆ ಇಟ್ಟಿದ್ದರು. ಪೆಟ್ಟಿಗೆ ತೆಗೆದು ದಾಖಲೆ ತೋರಿಸಿದರು. ಪಿಂಚಣಿ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ, ಅಷ್ಟರಲ್ಲಿ ನಮ್ಮ ಸೆಮಿಸ್ಟರ್ ಮುಗಿದಿತ್ತು. ಇದು ಈ ಓದಿನ ಇನ್ನೊಂದು ಗೋಳು. ಜನರ ಬದುಕು ಸೆಮಿಸ್ಟರ್ ಲೆಕ್ಕದಲ್ಲಿ ನಡೆಯುವುದಿಲ್ಲ.

ಒಳ್ಳೆ ಮನಸ್ಸು ನನಗೆ ಮೊದಲ ವಾರವೂ ಇತ್ತು. ಆ ಮನಸ್ಸೇ ಅಜ್ಜಿಯ ಮಾತಿನ ಮೇಲೆ ಕೂತಿತ್ತು. ಪಾಪ ಅನ್ನುವಾಗ ನಾವು ಅವರನ್ನು ನೋಡುತ್ತಿರುವುದಿಲ್ಲ, ನಮ್ಮ ಕರುಳನ್ನು ನಾವೇ ಮುಟ್ಟಿ ನೋಡಿಕೊಳ್ಳುತ್ತಿರುತ್ತೇವೆ. ಕನ್ನಡದಲ್ಲಿ ಕನಿಕರಕ್ಕೂ ಕೆಟ್ಟ ಕೆಲಸಕ್ಕೂ ಒಂದೇ ಪದ ಯಾಕಿದೆ ಅಂತ ಆಗ ಒಂದು ರಾತ್ರಿ ಪೂರ್ತಿ ಯೋಚಿಸಿದ್ದೆ. ಹದಿನೆಂಟರ ವಯಸ್ಸಿನಲ್ಲಿ ಇಂಥ ಯೋಚನೆ ಬಹಳ ಬರುತ್ತೆ, ಬಿಡಿ.

ಭಾಷೆಯ ಮಾತು ಬಂತಲ್ಲ, ಇದನ್ನೂ ಹೇಳಬೇಕು. ನಮ್ಮ ಪಠ್ಯ ಎಲ್ಲಾ ಇಂಗ್ಲಿಷಿನಲ್ಲಿ. ಜನ ಮಾತಾಡುವುದು ಕನ್ನಡದಲ್ಲಿ. ಎಂಪಥಿ, ಅಂದರೆ ಎದುರಿನವರ ಜಾಗದಲ್ಲಿ ನಿಂತು ಅರ್ಥ ಮಾಡಿಕೊಳ್ಳುವುದು, ಅದನ್ನು ಏನನ್ನೋಣ? ಅನುಕಂಪ ಅಂದರೆ ಮೇಲಿಂದ ಕೆಳಗೆ ನೋಡಿದ ಹಾಗಿದೆ. ಸಹಾನುಭೂತಿ ಅಂದರೆ ಪದದ ಅರ್ಥ ಸರಿ, ಬಳಕೆಯಲ್ಲಿ ಸಂತಾಪ ಸೂಚನೆ ಥರ ಕೇಳುತ್ತದೆ. ಕ್ಲೈಂಟ್ ಅನ್ನುವುದಕ್ಕೆ ಕಕ್ಷಿದಾರ ಅಂದರೆ ನಾನು ಕಪ್ಪು ಕೋಟು ಹಾಕಿಕೊಂಡ ಹಾಗಾಗುತ್ತೆ. ಸಂಸ್ಥೆಗಳಲ್ಲಿ ಎಲ್ಲರೂ ಹೇಳುವುದು ಫಲಾನುಭವಿ ಅಂತ. ಈ ಪದ ನಮ್ಮ ಸೂಪರ್‌ವೈಸರಿಗೆ ಆಗುತ್ತಲೇ ಇರಲಿಲ್ಲ. ‘ಯಾರ ಫಲ, ಯಾರು ಅನುಭವಿಸ್ತಿದ್ದಾರೆ?’ ಅಂತ ಕೇಳುತ್ತಿದ್ದರು. ಕೊನೆಗೆ ನಾವೆಲ್ಲ ‘ಅವರು’ ಅಂತ ಬರೆಯತೊಡಗಿದೆವು. ಅವರು ಹೇಳಿದರು, ಅವರು ಎದ್ದು ಹೋದರು. ನನ್ನ ಮಟ್ಟಿಗೆ ಇವತ್ತಿಗೂ ಅದಕ್ಕಿಂತ ಒಳ್ಳೆ ಪದ ಸಿಕ್ಕಿಲ್ಲ.

ಎರಡನೇ ವರ್ಷದಲ್ಲಿ ಇಕೋಮ್ಯಾಪ್ ಬರೆಯುವುದನ್ನು ಕಲಿಸಿದರು. ಹಾಳೆಯ ನಡುವೆ ಒಂದು ವೃತ್ತ, ಅದರೊಳಗೆ ಕುಟುಂಬ. ಸುತ್ತ ಚಿಕ್ಕ ಚಿಕ್ಕ ವೃತ್ತಗಳು: ಶಾಲೆ, ಕೆಲಸ, ನೆಂಟರು, ಆಸ್ಪತ್ರೆ, ಗೆಳೆಯರು. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ಸಡಿಲ ಇದ್ದರೆ ಚುಕ್ಕೆ ಗೆರೆ, ಜಗಳ ಇದ್ದರೆ ಅಡ್ಡ ಗೀಟು ಹಾಕಿದ ಗೆರೆ. ಶಕ್ತಿ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಅಂತ ಬಾಣ. 1970ರ ದಶಕದಲ್ಲಿ ಆ್ಯನ್ ಹಾರ್ಟ್‌ಮನ್ ರೂಪಿಸಿದ್ದು. ಮೊದಲು ನಿಮ್ಮದೇ ಬರೆಯಿರಿ ಅಂದರು. ಬರೆದೆ. ಬಾಣಗಳೆಲ್ಲ ನನ್ನ ಕಡೆಗೇ ಬರುತ್ತಿದ್ದವು, ನನ್ನಿಂದ ಹೊರಗೆ ಹೋಗುತ್ತಿದ್ದದ್ದು ಎರಡು. ಸಮಾಜಕ್ಕೆ ಕೊಡಲು ಹೊರಟವಳ ನಕ್ಷೆ ಇದು! ಹಾಳೆಯನ್ನು ಮಡಚಿ ಚೀಲದ ತಳಕ್ಕೆ ಹಾಕಿದೆ.

ಸಿದ್ಧಾಂತದ ಪೇಪರುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲೆರಡು ವರ್ಷ ಸಮಾಜಶಾಸ್ತ್ರ, ಮನಃಶಾಸ್ತ್ರ, ಅರ್ಥಶಾಸ್ತ್ರ, ಮನುಷ್ಯನ ಬೆಳವಣಿಗೆ. ಆಮೇಲೆ ವಿಧಾನಗಳು: ಒಬ್ಬೊಬ್ಬರ ಜೊತೆ ಕೆಲಸ, ಗುಂಪಿನ ಜೊತೆ, ಸಮುದಾಯದ ಜೊತೆ. ಇವುಗಳ ಜೊತೆ ಆಡಳಿತ, ಸಂಶೋಧನೆ, ಸಾಮಾಜಿಕ ಕ್ರಿಯೆ. ತರಗತಿಯಲ್ಲಿ ಎರಡು ಪಂಗಡ ತಾನಾಗಿ ಹುಟ್ಟುತ್ತೆ. ಒಂದು ರಿಚ್ಮಂಡ್ ಪಂಗಡ, ಒಂದೊಂದೇ ಮನೆ ಹೊಕ್ಕು ಬಿಡಿಸಬೇಕು ಅನ್ನುವವರು. ಇನ್ನೊಂದು ಜೇನ್ ಆ್ಯಡಮ್ಸ್ ಪಂಗಡ. 1889ರಲ್ಲಿ ಶಿಕಾಗೋದ ಬಡವರ ಕೇರಿಯಲ್ಲೇ ಹಲ್ ಹೌಸ್ ಅನ್ನುವ ಸಮುದಾಯ ಕೇಂದ್ರ ತೆರೆದು ಅಲ್ಲೇ ಬಾಳಿದ, 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಆ್ಯಡಮ್ಸ್ ಅವರ ಹಾಗೆ, ಕಾನೂನು ಬದಲಾಗದೆ ಮನೆ ಬದಲಾಗೋಲ್ಲ ಅನ್ನುವವರು. ನಾನು ಮೂರನೇ ವರ್ಷದವರೆಗೆ ಎರಡನೇ ಪಂಗಡದಲ್ಲಿದ್ದೆ. ಜಗಳ ಆಡುವುದಕ್ಕೆ ಅದೇ ಚೆನ್ನಾಗಿತ್ತು.

ಆಮೇಲೆ ಬೀಸ್ಟೆಕ್. ಸಮಾಜಕಾರ್ಯ ಓದಿದ ಯಾರನ್ನಾದರೂ ರಾತ್ರಿ ಎಬ್ಬಿಸಿ ಕೇಳಿ, ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಹೇಳಿದ ಏಳು ತತ್ವಗಳನ್ನು ಒಪ್ಪಿಸುತ್ತಾರೆ. ಪ್ರತಿಯೊಬ್ಬರನ್ನೂ ಬೇರೆಬೇರೆ ಮನುಷ್ಯರು ಅಂತ ನೋಡು. ಭಾವನೆ ಹೊರಗೆ ಬರಲಿ ಬಿಡು. ನಿನ್ನ ಭಾವನೆಗೆ ಹಿಡಿತ ಇರಲಿ. ಇದ್ದ ಹಾಗೆ ಒಪ್ಪಿಕೋ. ತೀರ್ಪು ಕೊಡಬೇಡ. ನಿರ್ಧಾರ ಅವರದೇ. ಗುಟ್ಟು ಕಾಪಾಡು. ಪರೀಕ್ಷೆಯಲ್ಲಿ ಏಳಕ್ಕೆ ಏಳೂ ಬರೆದೆ. ಹೊರಗೆ ಬಂದರೆ ಅರ್ಧವೂ ನಿಲ್ಲುತ್ತಿರಲಿಲ್ಲ.

ಮೂರನೇ ವರ್ಷ ಒಬ್ಬರು ಬರುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಗಂಡನ ಮನೆಯಲ್ಲಿ ಹೊಡೆತ. ಏಳು ವಾರ ಮಾತಾಡಿದೆವು. ಕಾನೂನು ನೆರವು, ಉಳಿದುಕೊಳ್ಳಲು ಜಾಗ, ಮಗುವಿನ ಶಾಲೆ, ಎಲ್ಲದಕ್ಕೂ ಓಡಾಡಿ ವ್ಯವಸ್ಥೆ ಮಾಡಿದೆ. ಎಂಟನೇ ವಾರ ಬಂದು, ವಾಪಸ್ ಹೋಗ್ತಿದ್ದೀನಿ ಅಂದರು. ನನ್ನ ಮುಖ ಹೇಗಾಯಿತೋ ಏನೋ, ಅವರೇ ‘ಬೇಜಾರು ಮಾಡ್ಕೋಬೇಡಿ ಮೇಡಂ’ ಅಂತ ನನಗೆ ಸಮಾಧಾನ ಹೇಳಿದರು. ಆವತ್ತಿನ ಎರಡನೇ ಅಂಕಣದಲ್ಲಿ ನಾನು ಕೋಪ ಅಂತ ಬರೆದಿದ್ದೆ. ಯಾರ ಮೇಲೆ ಅಂತ ಪಕ್ಕದಲ್ಲಿ ಪ್ರಶ್ನೆ ಬಂತು. ಗಂಡನ ಮೇಲೆ ಅಂತ ಬರೆದೆ. ಮತ್ತೆ ಪ್ರಶ್ನೆ ಚಿಹ್ನೆ. ಕೊನೆಗೆ ಒಪ್ಪಿಕೊಂಡೆ, ಕೋಪ ಅವರ ಮೇಲೇ. ನನ್ನ ಏಳು ವಾರ ಹಾಳು ಮಾಡಿದರಲ್ಲ ಅಂತ. ಹೋಗಬೇಡಿ ಅಂತ ಬಲವಂತ ಮಾಡದೆ, ಮತ್ತೆ ಹೊಡೆತ ಬಿದ್ದರೆ ಯಾವ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು, ಯಾವ ಕಾಗದಗಳನ್ನು ಕೈಗೆ ಸಿಗೋ ಹಾಗೆ ಇಟ್ಟಿರಬೇಕು ಅಂತ ಒಟ್ಟಿಗೆ ಕೂತು ಯೋಜನೆ ಮಾಡುವುದು ಆ ದಿನದ ಕೆಲಸವಾಗಿತ್ತು. ನಾನು ಮುಖ ಊದಿಸಿಕೊಂಡು ಕೂತಿದ್ದೆ. ಸೂಪರ್‌ವೈಸರ್ ಅವರೇ ಸಂಸ್ಥೆಯ ಹಿರಿಯರಿಗೆ ಹೇಳಿ ಅದನ್ನು ಮಾಡಿಸಿದರು. ಈ ವಿಷಯದಲ್ಲಿ ನನ್ನನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಗುಂಪು ಕೆಲಸದ್ದು ಇದಕ್ಕೆ ಉಲ್ಟಾ, ನಗು ಬರುವ ಕತೆ. ಬ್ರೂಸ್ ಟಕ್‌ಮನ್ 1965ರಲ್ಲಿ ಹೇಳಿದ್ದನ್ನು ಓದಿಕೊಂಡಿದ್ದೆ. ಗುಂಪು ಮೊದಲು ಕೂಡುತ್ತೆ, ಆಮೇಲೆ ಕಚ್ಚಾಡುತ್ತೆ, ಆಮೇಲೆ ತನಗೊಂದು ಕಟ್ಟುಪಾಡು ಮಾಡಿಕೊಳ್ಳುತ್ತೆ, ಆಮೇಲೆ ಕೆಲಸ ಮಾಡುತ್ತೆ. ಹದಿಹರೆಯದ ಹುಡುಗರ ಗುಂಪು ಮಾಡಿದೆ. ಮೊದಲ ವಾರ ಒಂಬತ್ತು ಜನ. ಎರಡನೇ ವಾರ ನಾಲ್ಕು. ಮೂರನೇ ವಾರ ಇಬ್ಬರು, ಅದರಲ್ಲಿ ಒಬ್ಬ ಮಳೆ ಬಂತು ಅಂತ ಒಳಗೆ ಬಂದವನು. ಕಚ್ಚಾಡುವ ಹಂತಕ್ಕಾದರೂ ತಲುಪಲಿ ಅಂತ ಬೇಡಿಕೊಳ್ಳುತ್ತಿದ್ದೆ. ಬಣ್ಣದ ಚಾರ್ಟು, ‘ನನ್ನ ಕನಸು’ ಅಂತ ಬರೆಸುವುದು, ಇದೆಲ್ಲ ಅವರಿಗೆ ಬೇಡವಾಗಿತ್ತು. ಒಂದು ದಿನ ಚಾರ್ಟು ಮರೆತು ಹೋಗಿದ್ದೆ. ಏನು ಮಾಡೋಣ ಅಂತ ಅವರನ್ನೇ ಕೇಳಿದೆ. ಒಬ್ಬ, ಬೈಕ್ ರಿಪೇರಿ ಕಲಿಸೋರು ಯಾರಾದ್ರೂ ಸಿಗ್ತಾರಾ ಅಂದ. ಮುಂದಿನ ವಾರ ಹನ್ನೊಂದು ಜನ ಬಂದರು, ಸ್ಪ್ಯಾನರ್ ಯಾರು ಹಿಡಿಯಬೇಕು ಅಂತ ಕಚ್ಚಾಡಿದರು. ಖುಷಿಯಿಂದ ಅದನ್ನು ಅಕ್ಷರಕ್ಷರ ಬರೆದುಕೊಂಡೆ.

ಸಮುದಾಯದ ಪೇಪರಿನಲ್ಲಿ ಶೆರ್ರಿ ಆರ್ನ್‌ಸ್ಟೈನ್ ಅವರ ಏಣಿ ಬರುತ್ತೆ, 1969ರದ್ದು, ತೀರ್ಮಾನಗಳಲ್ಲಿ ಜನರಿಗೆ ನಿಜವಾಗಿ ಎಷ್ಟು ಪಾಲಿದೆ ಅಂತ ಅಳೆಯುವುದಕ್ಕೆ. ಎಂಟು ಮೆಟ್ಟಿಲು. ಎಲ್ಲಕ್ಕಿಂತ ಕೆಳಗಿನದು ಜನರನ್ನು ಕರೆದು ಕೂರಿಸಿ, ಮೊದಲೇ ತೀರ್ಮಾನ ಆದದ್ದಕ್ಕೆ ತಲೆಯಾಡಿಸುವಂತೆ ಮಾಡುವುದು. ಎಲ್ಲಕ್ಕಿಂತ ಮೇಲಿನದು ತೀರ್ಮಾನ ಮಾಡುವ ಅಧಿಕಾರವೇ ಜನರ ಕೈಯಲ್ಲಿರುವುದು. ಇದನ್ನು ಓದಿದ ವಾರವೇ ನಾವು ನಡೆಸಿದ ಸಭೆಯ ಫೋಟೋ ನೋಡಿದೆ. ನಾವು ಆರು ಜನ ಕುರ್ಚಿ ಮೇಲೆ, ಉಳಿದವರೆಲ್ಲ ನೆಲದ ಮೇಲೆ. ಎಷ್ಟನೇ ಮೆಟ್ಟಿಲು ಅಂತ ಕೇಳುವ ಅಗತ್ಯವೇ ಇರಲಿಲ್ಲ.

ಗೋಳು ಹೇಳದೆ ಬಿಟ್ಟರೆ ಇದು ಪ್ರವೇಶದ ಜಾಹೀರಾತಿನ ಥರ ಆಗಿಬಿಡುತ್ತೆ. ಒಂದು ಸಂಸ್ಥೆಯಲ್ಲಿ ನಮ್ಮಿಬ್ಬರನ್ನು ಇಡೀ ನಾಲ್ಕು ತಿಂಗಳು ಜೆರಾಕ್ಸ್ ಮಾಡಿಸಲು, ಹಾಜರಿ ಪುಸ್ತಕ ತುಂಬಿಸಲು, ಸಾಮಾನು ಹಂಚುವಾಗ ಫೋಟೋ ತೆಗೆಯಲು ಇಟ್ಟುಕೊಂಡರು. ತಗೊಳ್ಳುವವರು ಕ್ಯಾಮೆರಾ ಕಡೆ ನೋಡಬೇಕು, ಅಲ್ಲಿವರೆಗೆ ಚೀಲ ಕೊಡಬಾರದು. ಒಬ್ಬರು ಮುಖ ತಿರುಗಿಸಿದರು. ಇನ್ನೊಂದ್ಸಲ ಅಂತ ಸಂಸ್ಥೆಯವರು ನನಗೆ ಹೇಳಿದರು. ನಾನು ತೆಗೆದೆ. ಆವತ್ತು ಹೇಳಬೇಕಾಗಿತ್ತು, ಹೇಳಲಿಲ್ಲ. ಅಂಕ ಅವರ ಕೈಯಲ್ಲಿತ್ತು. ಕ್ಷೇತ್ರಕಾರ್ಯಕ್ಕೆ ಸಂಬಳ ಇಲ್ಲ, ಓಡಾಟದ ಖರ್ಚು ನಮ್ಮದೇ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಜೇಬಲ್ಲಿ ಕಾಸಿಲ್ಲದವರಿಗೆ ದೂರದ ಸಂಸ್ಥೆ ಸಿಕ್ಕರೆ ಅದೇ ಒಂದು ಕೇಸು.

ಮೂರು ವರ್ಷ ಮುಗಿದಾಗ ನಿಜವಾದ ಇಕ್ಕಟ್ಟು ಬಂತು. ಜೊತೆಯಲ್ಲಿ ಶಾಲೆ ಮುಗಿಸಿದವರು ಡಿಗ್ರಿ ಹಿಡಿದು ಹೊರಗೆ ಹೋದರು, ಕೆಲವರಿಗೆ ಕೆಲಸವೂ ಸಿಕ್ಕಿತು. ನಾವು ದಾರಿಯ ನಡುವೆ. ಕೆಲವು ಕೋರ್ಸುಗಳಲ್ಲಿ ಮೂರಕ್ಕೆ ಇಳಿದುಕೊಳ್ಳಬಹುದು. ನಮ್ಮಲ್ಲಿ ಕೆಲವರು ಇಳಿದರು. ಅವರ ನಿರ್ಧಾರ ತಪ್ಪು ಅಂತ ನನಗೆ ಅನಿಸಿಲ್ಲ. ನಾಲ್ಕನೇ ವರ್ಷಕ್ಕೆ ಹೊರಗಿಂದ ಹೊಸಬರು ಬಂದರು. ಅವರಲ್ಲಿ ಒಬ್ಬರು ಆರು ವರ್ಷ ನರ್ಸ್ ಆಗಿದ್ದವರು. ಮೂರು ವರ್ಷದ ಸಿದ್ಧಾಂತ ಅವರಿಗೆ ಗೊತ್ತಿರಲಿಲ್ಲ, ಆದರೆ ಒಂದು ಕೋಣೆಗೆ ಕಾಲಿಟ್ಟ ಕೂಡಲೇ ಅಲ್ಲಿ ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ ಅಂತ ಹೇಳುತ್ತಿದ್ದರು. ನಾನು ಅದನ್ನು ಇಕೋಮ್ಯಾಪ್ ಬರೆದು ಕಂಡುಹಿಡಿಯಬೇಕಿತ್ತು. ಆದ್ದರಿಂದ ಇಂಟಿಗ್ರೇಟೆಡ್ ಮಾಡಿದರೇ ಒಳ್ಳೆಯದು ಅಂತ ನಾನು ಹೇಳಲಾರೆ. ಬೇರೆ ಏನಾದರೂ ಓದಿ, ಒಂದಿಷ್ಟು ದುಡಿದು, ಆಮೇಲೆ ಪಿಜಿಗೆ ಬಂದವರಿಗೆ ಬೇರೆಯೇ ಕಣ್ಣು ಇರುತ್ತೆ. ಹದಿನೇಳಕ್ಕೆ ಬಂದವರಿಗೆ ಸಿಗುವುದು ಸಮಯ. ತಪ್ಪು ಮಾಡಿ, ಅದೇ ಸೂಪರ್‌ವೈಸರ್ ಎದುರು ಮತ್ತೆ ಮತ್ತೆ ಕೂತು, ಅದೇ ತಪ್ಪು ಬೇರೆ ಬೇರೆ ವೇಷದಲ್ಲಿ ಬರುವುದನ್ನು ನೋಡುವಷ್ಟು ಸಮಯ. ‘ಪಾಪ’ ಎರಡನೇ ವರ್ಷಕ್ಕೇ ಹೋಯಿತು. ಅದರ ಜಾಗಕ್ಕೆ ‘ದುರ್ಬಲ ವರ್ಗ’ ಬಂತು. ಸೂಪರ್‌ವೈಸರ್ ಅದಕ್ಕೂ ಸುತ್ತು ಹಾಕಿದರು. ‘ಪಾಪಕ್ಕೇ ಹೊಸ ಅಂಗಿ ತೊಡಿಸಿದ್ದೀಯ’ ಅಂದರು.

2014ರಲ್ಲಿ ಮೆಲ್ಬರ್ನಿನಲ್ಲಿ ಒಪ್ಪಿದ ಸಮಾಜಕಾರ್ಯದ ಜಾಗತಿಕ ವ್ಯಾಖ್ಯೆಯನ್ನು ಮೊದಲ ಸೆಮಿಸ್ಟರಿನಲ್ಲಿ ಬಾಯಿಪಾಠ ಮಾಡಿದ್ದೆ. ಅದರಲ್ಲಿ ಸಾಮಾಜಿಕ ನ್ಯಾಯ, ಮಾನವ ಹಕ್ಕು, ಸಾಮೂಹಿಕ ಹೊಣೆ ಎಲ್ಲಾ ಇದೆ. ಕನಿಕರ ಅನ್ನುವ ಪದ ಇಲ್ಲ. ಇದು ನನ್ನ ಕಣ್ಣಿಗೆ ಬೀಳಲು ನಾಲ್ಕನೇ ವರ್ಷ ಆಗಬೇಕಾಯಿತು. ಡಿಸರ್ಟೇಶನ್, ಅಂದರೆ ಸಂಶೋಧನಾ ಪ್ರಬಂಧದ ಬಗ್ಗೆ ಏನೂ ಬರೆಯುವುದಿಲ್ಲ. ಮುಗಿಯಿತು, ಬೈಂಡ್ ಆಯಿತು, ಕಪಾಟಿನಲ್ಲಿದೆ.

ಕೊನೆಯ ವರ್ಷ ಒಬ್ಬರು ಹಿರಿಯರ ಮನೆಗೆ ಹೋಗುತ್ತಿದ್ದೆ. ಹೆಂಡತಿಗೆ ಮರೆವಿನ ಕಾಯಿಲೆ. ಎಲ್ಲಾ ಇವರೇ ನೋಡಿಕೊಳ್ಳುತ್ತಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದಲ್ಲಿ ಮೂರು ಚಿಕ್ಕ ಗೆರೆ, ಮಾತ್ರೆ ಕೊಟ್ಟ ಹಾಗೆಲ್ಲ ಒಂದೊಂದು ಹೊಡೆಯುವುದು. ನಾನು ಹೋದ ದಿನ ಚೌಕದ ಮೂಲೆಯಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ನನಗೆ ಅದು ಗೊತ್ತಾದದ್ದು ಬಹಳ ತಡವಾಗಿ.

ಬಿಡುವುದನ್ನೂ ನಮಗೆ ಪಾಠ ಮಾಡುತ್ತಾರೆ. ಟರ್ಮಿನೇಶನ್ ಅಂತ ಕೆಟ್ಟ ಹೆಸರು, ಕೆಲಸದಿಂದ ತೆಗೆದ ಹಾಗೆ. ಇಷ್ಟು ವಾರ ಬರುತ್ತೇನೆ ಅಂತ ಮೊದಲ ದಿನವೇ ಹೇಳಬೇಕು, ನಡುನಡುವೆ ನೆನಪಿಸಬೇಕು, ಮುಂದೆ ಯಾರು ಬರುತ್ತಾರೆ ಅಂತ ಪರಿಚಯ ಮಾಡಿಸಬೇಕು. ಎಲ್ಲಾ ಮಾಡಿದ್ದೆ. ಹೊಸಬರನ್ನು ಕರೆದುಕೊಂಡು ಹೋಗಿ ಪರಿಚಯಿಸಿದ್ದೆ. ವಾರಕ್ಕೆ ಮೂರು ಗಂಟೆ ಹೆಂಡತಿಯ ಹತ್ತಿರ ಕೂರಲು ಒಬ್ಬರ ವ್ಯವಸ್ಥೆ ಆಗಿತ್ತು. ಆ ಮೂರು ಗಂಟೆಯಲ್ಲಿ ಅವರು ಏನು ಮಾಡುತ್ತಾರೆ ಅಂತ ಕೇಳಿದ್ದಕ್ಕೆ, ಸುಮ್ನೆ ನಡೀತೀನಿ ಅಂದಿದ್ದರು. ಕೊನೆಯ ದಿನ ಕ್ಯಾಲೆಂಡರ್ ಹತ್ತಿರ ನಿಂತು, ಮುಂದಿನ ವಾರದ ಚೌಕ ನೋಡಿ, ನನ್ನ ಕಡೆ ತಿರುಗಿ, ‘ಪಾಪ, ನಿಮಗೂ ಪರೀಕ್ಷೆ ಇರುತ್ತೆ. ಎಷ್ಟು ಮನೆ ಅಂತ ಅಲೀತೀರಿ’ ಅಂದರು.

ಅವರ ಪದಗಳಲ್ಲೇ ಬರೆಯಬೇಕಲ್ಲ. ಮೊದಲ ಅಂಕಣದಲ್ಲಿ ಬರೆದೆ. ಎರಡನೆಯದರಲ್ಲಿ ಏನು ಬರೆಯಬೇಕು ಅಂತ ಹೊಳೆಯದೆ ಖಾಲಿ ಬಿಟ್ಟೆ. ಪುಸ್ತಕ ವಾಪಸ್ ಬಂದಾಗ ನೋಡಿದರೆ, ಸೂಪರ್‌ವೈಸರ್ ಆ ‘ಪಾಪ’ದ ಸುತ್ತ ಹಳೇ ಅಭ್ಯಾಸದಲ್ಲಿ ಕೆಂಪು ಸುತ್ತು ಎಳೆದಿದ್ದರು. ಆಮೇಲೆ ಆ ಸುತ್ತನ್ನೇ ಗೀಚಿ ಹೊಡೆದು ಹಾಕಿದ್ದರು.